ಫೆಬ್ರವರಿಯ ಖಾಲಿ ಓಣಿ

ಸರ್ಕಾರ ಎಣಿಸುವುದರಲ್ಲಿ ಯಾವತ್ತೂ ಹಿಂದೆ ಬಿದ್ದಿಲ್ಲ. ಬೋರು ಎಣಿಸುತ್ತದೆ, ಕುರಿ ಎಣಿಸುತ್ತದೆ, ಪಾಯಖಾನೆ ಎಣಿಸುತ್ತದೆ, ಮಕ್ಕಳನ್ನೂ ಎಣಿಸುತ್ತದೆ. ಎಣಿಸಿದ್ದನ್ನೆಲ್ಲ ಒಂದು ಪೋರ್ಟಲಿಗೆ ಸುರಿದು, ತಗೊಳ್ಳಿ, ಇದು ಮುಕ್ತ ದತ್ತಾಂಶ, ಜನರ ಸ್ವತ್ತು ಎಂದು ಡಂಗುರ ಸಾರಿದ್ದೂ ಆಯಿತು. ಹುಡುಕಹೋದವರಿಗೆ ಸಿಕ್ಕಿದ್ದು ಮಾತ್ರ ‘ಶೀಟ್ ಒನ್’, ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ನ್ಯೂ ಟೂ’ ಎಂಬ ಹೆಸರಿನ ಸಾವಿರಾರು ಫೈಲುಗಳು. ಯಾವ ಊರಿನದು, ಯಾವ ಕಾಲದ್ದು, ಯಾರು ಎಣಿಸಿದ್ದು, ಯಾರನ್ನು ಕೇಳಿ ಎಣಿಸಿದ್ದು, ಒಂದಕ್ಕೂ ಉತ್ತರವಿಲ್ಲ. ಬಾಗಿಲು ತೆರೆದಿಟ್ಟು ದೀಪ ಆರಿಸಿದ ಮನೆ ಅದು. ಒಳಗೆ ಬನ್ನಿ ಅಂತಾರೆ, ಬಂದವರು ಗೋಡೆಗೆ ಹಣೆ ಬಡಿದುಕೊಂಡು ವಾಪಸ್ಸು ಹೋಗುತ್ತಾರೆ.

ಆ ಮನೆಗೆ ದೀಪ ಹಚ್ಚುವ ಕೆಲಸ ಶಿರೀಷಾಳದು. ತೆಲುಗು ರಾಜ್ಯಕ್ಕೆ ಸೇರಿದ ಗಡಿಯೂರು ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಗೊಬ್ಬರದಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಅವಳ ಆಫೀಸು. ಗುತ್ತಿಗೆ ನೌಕರಿ. ಒಂದೊಂದು ಫೈಲನ್ನೂ ತೆರೆದು ಓದಿ, ಅದಕ್ಕೆ ಮೆಟಾಡೇಟಾ ಕಟ್ಟಬೇಕು. ಪರದೆಯ ಮೇಲೆ ಚೌಕಗಳ ಸಾಲು ಇರುತ್ತದೆ. ಹೆಸರು, ವಿವರ, ಸ್ಥಳ, ಕಾಲ, ಎಣಿಸಿದ ಬಗೆ, ಮಿತಿಗಳು, ಹುಡುಕುವ ಪದಗಳು. ತುಂಬಿ ಮುಗಿಸಿದರೆ ಆ ಫೈಲು ಯಾರು ಹುಡುಕಿದರೂ ಸಿಗುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವ್ವ ಲಿಂಗಕ್ಕ ಕೇಳಿದ್ದಳು, “ಅಲ್ಲಿ ಕುಂತು ಏನ್ ಮಾಡ್ತಿಯೇ?”

“ಮಾರ್ಕೆಟ್‌ನಾಗ ಹತ್ತಿ ರಾಶಿ ಮ್ಯಾಲ ಚೀಟಿ ಇಡ್ತಾರಲ್ಲವ್ವ, ಯಾರ ರಾಶಿ, ಯಾವೂರದು ಅಂತ. ಅಂಥಾ ಚೀಟಿ ಬರೀತೀನಿ.”

“ಚೀಟಿ ಬರಿಯಾಕ ಡಿಗ್ರಿ ಬೇಕಾತೇನು?”

“ಚೀಟಿ ಇಲ್ಲದ ರಾಶಿಗೆ ಯಾರ್ ಬೇಕಾದ್ರೂ ಮಾಲಕ ಆಗ್ತಾನವ್ವ.”

ಲಿಂಗಕ್ಕನಿಗೆ ಆ ಮಾತು ಹಿಡಿಸಿತ್ತು. ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ ಶಿರೀಷಾಳ ಮುಂದೆ ಬಂದ ಫೈಲು ಮಕ್ಕಳ ಗಣತಿಯದು. ಪ್ರಗತಿ ಮಾಪನ ಎಂಬ ಕಂಪನಿಯ ಹುಡುಗರು ಜಿಲ್ಲೆಯ ಪಶ್ಚಿಮದ ಮಂಡಲಗಳಲ್ಲಿ ಮನೆಮನೆ ತಿರುಗಿ, ಪ್ರಾಥಮಿಕ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಯಾವ ಓಣಿಯಲ್ಲಿ ಎಷ್ಟಿದ್ದಾರೆ ಎಂದು ಬರೆದುಕೊಂಡು ಬಂದಿದ್ದರು. ಫೈಲಿನಲ್ಲಿ ಎರಡು ಹಾಳೆ. ಒಂದರಲ್ಲಿ ಮನೆವಾರು ವಿವರ. ಅದು ಆಫೀಸಿನೊಳಗೇ ಉಳಿಯುವಂಥದು. ಇನ್ನೊಂದರಲ್ಲಿ ಓಣಿವಾರು ಒಟ್ಟು; ಪೋರ್ಟಲಿಗೆ ಹೋಗುವುದು ಅದೊಂದೇ.

ಮದುವೆಯ ಗ್ರೂಪ್ ಫೋಟೋ ಕೈಗೆ ಬಂದರೆ ಯಾರಾದರೂ ಮೊದಲು ತಮ್ಮ ಮುಖವನ್ನೇ ಹುಡುಕುತ್ತಾರೆ. ಶಿರೀಷಾ ಕೋಸಗಿ ಮಂಡಲಕ್ಕೆ ಇಳಿದು, ತನ್ನೂರು ಬಂಡೆಹಾಳನ್ನು ಹುಡುಕಿ, ಕೆಳಗಿನ ಓಣಿಯ ಸಾಲಿಗೆ ಬಂದಳು. ಮಕ್ಕಳು: ನಾಲ್ಕು.

ಅವಳಿಗೆ ಮೊದಲು ನಗು ಬಂತು. ಆ ಓಣಿಯಲ್ಲಿ ಒಂದು ಬಾಳೆಹಣ್ಣು ಸುಲಿದರೆ ನಾಲ್ಕಕ್ಕಿಂತ ಹೆಚ್ಚು ಮಕ್ಕಳು ಬಂದು ನಿಲ್ಲುತ್ತವೆ. ಮನೆವಾರು ಹಾಳೆ ತೆರೆದು ತನ್ನ ಮನೆ ನೋಡಿದಳು. ಲಿಂಗಕ್ಕನ ಹೆಸರಿನ ಮುಂದೆ ಸೊನ್ನೆ. ಮೂರನೇ ತರಗತಿಯ ತಂಗಿ ಅಮೂಲ್ಯ ಲೆಕ್ಕದಲ್ಲಿ ಹುಟ್ಟಿಯೇ ಇರಲಿಲ್ಲ. ಪಕ್ಕದ ದುರುಗೇಶನ ಮನೆಗೂ ಸೊನ್ನೆ. ಅದರಾಚೆಗೂ ಸೊನ್ನೆ. ನಗು ಅಲ್ಲೇ ಬತ್ತಿತು. ಹಾಳೆಯ ಬಲಗಡೆ ಯಾರೋ ಮುಚ್ಚಿಟ್ಟಿದ್ದ ಎರಡು ಕಾಲಂಗಳಿದ್ದವು, ತೆರೆದಳು. ಒಂದರಲ್ಲಿ ಗಣತಿ ಮಾಡಿದ ದಿನ, ಫೆಬ್ರವರಿ ತಿಂಗಳದ್ದು. ಇನ್ನೊಂದರಲ್ಲಿ ಮಾಹಿತಿ ಕೊಟ್ಟವರು ಯಾರು ಎಂಬುದು. ಆ ನಾಲ್ಕು ಮಕ್ಕಳಿದ್ದ ಎರಡು ಮನೆ ಬಿಟ್ಟರೆ ಓಣಿ ತುಂಬ ಒಂದೇ ಪದ: ನೆರೆಯವರು.

ಫೆಬ್ರವರಿಯಲ್ಲಿ ಆ ಓಣಿಯ ಬೀಗ ಬಿದ್ದ ಮನೆಗಳಿಗೆ ನೆರೆಯವರೆಂದರೆ ಬಸವಕ್ಕ ಒಬ್ಬಳೇ.

ಸಂಕ್ರಾಂತಿ ಕಳೆದದ್ದೇ ಆ ಸೀಮೆಯ ಊರುಗಳು ಲಾರಿ ಹತ್ತಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತವೆ. ಪಾತ್ರೆ, ಚಾಪೆ, ಕೋಳಿ, ಕೂಸು, ಎಲ್ಲ ಲಾರಿಯ ಮೇಲೆ. ಮನೆಗೆ ಬೀಗ, ಹೊಸ್ತಿಲಿಗೆ ಅಡ್ಡಲಾಗಿ ಒಂದು ಹೊರೆ ಜಾಲಿ ಮುಳ್ಳು, ಬೀಗದ ಕೈ ಬಸವಕ್ಕನ ಕೈಗೆ. ಮಂಡಿನೋವಿನ ಮುದುಕಿ ಲಾರಿ ಹತ್ತಲಾರಳು. ಅದಕ್ಕೇ ಇಡೀ ಓಣಿಯ ಬೀಗದ ಕೈಗಳನ್ನು ಒಂದು ಹಗ್ಗಕ್ಕೆ ಪೋಣಿಸಿಕೊಂಡು ಯುಗಾದಿಯ ಆಚೆಯವರೆಗೂ ಓಣಿ ಕಾಯುತ್ತಾಳೆ.

ಶಿರೀಷಾ ಅವ್ವನಿಗೆ ಫೋನ್ ಹಚ್ಚಿದಳು. ಗಣತಿಯ ಮಾತು ಎತ್ತುವ ಮೊದಲೇ ಲಿಂಗಕ್ಕ ಶುರುಮಾಡಿದಳು.

“ಸಾಲಿ ಗ್ವಾಡಿಗೆ ಕಾಗದ ಹಚ್ಚಿ ಹೋಗ್ಯಾರ. ಮಕ್ಳು ಕಡಿಮಿ ಅದಾರಂತ ನಮ್ ಸಾಲಿ ಮುಚ್ಚಿ ರೈಲ್ವೆ ಹಳಿ ಆಚಿ ಊರಿನ ಸಾಲಿಗೆ ಕೂಡಸ್ತಾರಂತ. ಅಲ್ಲಿ ಕನ್ನಡ ಇಲ್ಲ, ಎಲ್ಲಾ ತೆಲುಗೇ. ಮುಂದಿನ ವಾರ ಸಭಾ ಐತಂತ. ಗುಂಟೂರಿಗೆ ಆಳು ಒಯ್ಯೋ ಸುಂಕಪ್ಪ ಮೇಸ್ತ್ರಿ ಆಗ್ಲೇ ಬಂದು ಹೇಳಿಹೋದ, ಹಳಿ ದಾಟಿಸಿ ಹೆಣ್ ಹುಡುಗಿನ್ನ ಯಾಕ ಕಳಿಸ್ತಿ, ಆಕಿ ಕೈ ಚುರುಕು ಐತಿ, ಪೂರಾ ನನ್ ಗ್ಯಾಂಗಿಗೆ ಬಿಡು ಅಂತ.”

“ನೀ ಏನಂದಿ?”

“ಏನನ್ಲಿ? ಸಾಲಿ ಇದ್ರ ಸಾಲಿ ಐತಿ ಅಂತಿದ್ದೆ.”

ಶಿರೀಷಾ ಫೋನ್ ಇಟ್ಟು ಪರದೆ ನೋಡಿದಳು. ತಂಗಿಯನ್ನು ಮೆಣಸಿನ ಸಾಲಿಗೆ ತಳ್ಳುವ ಕಾಗದಕ್ಕೆ ಆಧಾರ ಈ ಫೈಲು. ಅದಕ್ಕೆ ಚೀಟಿ ಕಟ್ಟಬೇಕಾದವಳು ತಾನು.

ಫೈಲಿನ ಸಮೇತ ವಿಠಲನ ಮೇಜಿಗೆ ಹೋದಳು. ವಿಠಲ್ ಅವಳ ಮೇಲಿನವನು, ಆದೋನಿಯ ಹಳೇ ಪೇಟೆಯ ಆಚಾರ್ಯರ ಮನೆತನದವನು. ಒಳ್ಳೆಯವನೇ. ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯ ಒಳ್ಳೆಯತನ ಅದು. ಅಂಥ ಒಳ್ಳೆಯವರಿಂದಲೇ ಈ ನಾಡಿನಲ್ಲಿ ಹಾವುಗಳು ಇಷ್ಟು ಕೊಬ್ಬಿರುವುದು.

“ಜನಕ್ಕ ಕೊಡೋ ಹಾಳೆಯೊಳಗ ದಿನಾಂಕ ಇಲ್ಲಲ್ಲಮ್ಮ,” ಎಂದ ಆತ. “ಕಾಲ ಅನ್ನೋ ಚೌಕಕ್ಕ ಅಪ್‌ಲೋಡ್ ಮಾಡೋ ತಿಂಗಳು ಹಾಕಿಬಿಡು. ಎಲ್ಲಾ ಫೈಲಿಗೂ ಹಂಗೇ ಮಾಡ್ತೇವಿ.”

“ಎಣಿಸಿದ್ದು ಫೆಬ್ರವರಿ ಸಾರ್. ಆಗಸ್ಟ್ ಅಂತ ಬರೆದ್ರ, ಊರವ್ರೆಲ್ಲ ಮನ್ಯಾಗ ಇದ್ದಾಗ ಎಣಿಸ್ಯಾರ ಅಂತ ಆಗ್ತೈತಿ.”

“ಎಣಿಸಿದವರು ನಾವಲ್ಲ.”

“ಚೀಟಿ ಬರಿಯೋರು ನಾವೇ ಅಲ್ಲೇನ್ರಿ? ಮಿತಿಗಳು ಅನ್ನೋ ಚೌಕಕ್ಕ ಏನ್ ಬರೀಲಿ?”

“ಏನೂ ಇಲ್ಲ ಅಂತ ಬರಿ. ಅದೂ ಎಲ್ಲಾದಕ್ಕೂ ಹಂಗೇ.”

ಅವಳು ಒಂದು ದಿನ ರಜೆ ಕೇಳಿದಳು. ಯಾಕೆ ಎಂದು ಆತ ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ ಎಂಬ ಭಯ.

ಮರುದಿನ ಪ್ಯಾಸೆಂಜರ್ ರೈಲಿಗೆ ಕೋಸಗಿಗೆ ಬಂದಿಳಿದು, ಆಟೋ ಹಿಡಿದು ಊರು ಸೇರಿದಳು. ಮನೆಗೂ ಹೋಗದೆ ನೇರ ಬಸವಕ್ಕನ ಕಟ್ಟೆಗೆ ನಡೆದಳು. ಮುದುಕಿ ಶೇಂಗಾ ಸುಲಿಯುತ್ತ ಕೂತಿದ್ದಳು.

“ಅಜ್ಜಿ, ಫೆಬ್ರವರಿಯಾಗ ಟ್ಯಾಬ್ ಹಿಡ್ಕೊಂಡು ಒಬ್ಬ ಬಂದಿದ್ನೇನು?”

“ಫೆಬ್ರವರಿ ಗಿಬ್ರವರಿ ನನಗ್ಯಾಕವ್ವ. ಶಿವರಾತ್ರಿ ಮುಂದ ಒಬ್ಬ ಬಂದಿದ್ದ, ಹಲಗಿ ಅಂಥಾದ್ದು ಕೈಯಾಗಿತ್ತು. ಪಾಪ, ಬಿಸಿಲಾಗ ಬಂದಾನ ಅಂತ ನೀರು ಕೊಟ್ಟೆ. ಕುಡದು, ‘ಅವ್ವಾ, ಈ ಇಂಟ್ಲೋ ಪಿಲ್ಲಲು ಎಂತಮಂದಿ’ ಅಂದ. ಮಕ್ಳಿಲ್ಲಪ್ಪ ಅಂದೆ. ಆ ಮನ್ಯಾಗ? ಅಲ್ಲೂ ಇಲ್ಲ. ಅದರಾಚಿ? ಅಲ್ಲೂ ಇಲ್ಲ. ‘ಈ ಓಣ್ಯಾಗ ಯಾರೂ ಹಡದೇ ಇಲ್ಲೇನು’ ಅಂತ ನಕ್ಕ. ನಾನೂ ನಕ್ಕೆ.”

“ಯಾಕ ಹಂಗಂದಿ? ಗುಂಟೂರಿಗೆ ಹೋಗ್ಯಾರ ಅನ್ನಬೇಕಿಲ್ಲೇನು?”

ಬಸವಕ್ಕ ಮೊರ ಪಕ್ಕಕ್ಕಿಟ್ಟಳು. “ಅದ್ರ ಹಿಂದಿನ ವರ್ಷ ಜೀಪು ಬಂದಾಗ ನೀ ಆದೋನ್ಯಾಗ ಓದ್ತಿದ್ದಿ. ನಿನಗೇನ್ ಗೊತ್ತು.”

ಗೊತ್ತಿತ್ತು. ಗುಂಟೂರಿನ ಹೊಲಕ್ಕೆ ಬಾಲಕಾರ್ಮಿಕರನ್ನು ಬಿಡಿಸುವವರ ಜೀಪು ಬಂದು, ಬುಟ್ಟಿ ಹಿಡಿದಿದ್ದ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಹೋಗಿತ್ತು. ಅಮೂಲ್ಯಳೂ ಅದರಲ್ಲಿದ್ದಳು. ಯಾವುದೋ ಊರಿನ ಯಾವುದೋ ಕಟ್ಟಡದ ಗೇಟಿನ ಮುಂದೆ ತಾಯಂದಿರು ಹಗಲು ರಾತ್ರಿ ಕೂತು, ನಮ್ಮ ಮಕ್ಕಳು ನಮ್ಮವೇ ಎಂದು ರುಜುವಾತು ಮಾಡಿ ಬಿಡಿಸಿಕೊಂಡು ಬಂದಿದ್ದರು. ಮಕ್ಕಳಿಗೆ ಕೆಲಸ ಕೊಟ್ಟವನಿಗೆ ಏನೂ ಆಗಲಿಲ್ಲ. ಊರಿಗೆ ಬಂದ ಮೇಲೆ ಓಣಿಯವರೆಲ್ಲ ಒಂದು ಮಾತು ಮಾಡಿಕೊಂಡಿದ್ದರು. ಪ್ಯಾಂಟು ಹಾಕಿದವನು ಯಾರೇ ಬಂದು ಕೇಳಲಿ, ಮಕ್ಕಳಿಲ್ಲ ಅನ್ನಬೇಕು. ಇಲ್ಲದ ಮಕ್ಕಳನ್ನು ಯಾರೂ ಜೀಪಿಗೆ ಹಾಕಲಾರರು.

ಬಸವಕ್ಕ ಕೊಟ್ಟ ಮಾತು ಉಳಿಸಿಕೊಂಡಿದ್ದಳು. ಪ್ರಗತಿ ಮಾಪನದ ಹುಡುಗ ಅವಳ ಕೈ ನೀರು ಕುಡಿದು, ಅವಳ ಓಣಿಯನ್ನು ಬಂಜೆ ಎಂದು ಬರೆದುಕೊಂಡು ಹೋಗಿದ್ದ. ಮುಳ್ಳು ಹಾಕಿದ ಹೊಸ್ತಿಲನ್ನು ನೋಡಿದ, ಸಾಲು ಬೀಗ ನೋಡಿದ, ಮುದುಕಿಯ ಕೈಯಲ್ಲಿ ಬೀಗದ ಕೈಗಳ ಗೊಂಚಲು ನೋಡಿದ. ಇಷ್ಟು ನೋಡಿಯೂ ಮಕ್ಕಳಿಲ್ಲ ಎಂದು ಬರೆಯಬೇಕಾದರೆ ಕಣ್ಣು ಕುರುಡಾಗಿರಬೇಕಿಲ್ಲ, ಸಂಬಳದ ಕೆಲಸ ಬೇಗ ಮುಗಿದರೆ ಸಾಕು ಅನ್ನಿಸಬೇಕು ಅಷ್ಟೆ.

“ನಾ ಮಕ್ಳಿಲ್ಲ ಅಂದೆ,” ಬಸವಕ್ಕ ನಿಧಾನಕ್ಕೆ ಅಂದಳು, “ಅದಕ್ಕೇ ಏನು ಅವ್ರು ಸಾಲಿ ಇಲ್ಲ ಅಂತಿರೋದು?”

ಮುದುಕಿ ಮತ್ತೆ ಮೊರ ಎತ್ತಿಕೊಳ್ಳಲಿಲ್ಲ.

ಸಂಜೆ ಹೊಲದಿಂದ ಬಂದವರೆಲ್ಲ ಆ ಕಟ್ಟೆಯ ಸುತ್ತ ಸೇರಿದರು. ಶಿರೀಷಾ ಬಿಡಿಸಿ ಹೇಳಿದಳು. ಗಣತಿ ಸುಳ್ಳು ಅಂತ ನಾವು ಬಾಯಲ್ಲಿ ಅಂದರೆ ಯಾರೂ ಕೇಳುವುದಿಲ್ಲ. ಆದರೆ ಆ ಗಣತಿಯ ಚೀಟಿಯಲ್ಲೇ, ಇದನ್ನು ಯಾವಾಗ ಎಣಿಸಿದ್ದು, ಯಾರನ್ನು ಕೇಳಿ ಎಣಿಸಿದ್ದು ಎಂದು ಬರೆದರೆ, ಹುಡುಕಿದವರಿಗೆಲ್ಲ ಅದು ಕಾಣುತ್ತದೆ. ಯಾರ ಹೆಸರೂ ಬರುವುದಿಲ್ಲ. ಮನೆಗಳಿಗೆ ಬೀಗ ಇತ್ತು, ನೆರೆಯವರು ಹೇಳಿದ್ದನ್ನು ಬರೆದುಕೊಂಡರು, ಅಷ್ಟೇ.

ಮೇಸ್ತ್ರಿ ಸುಂಕಪ್ಪ ಬೀಡಿ ಆರಿಸಿ ಕೇಳಿದ, “ಮನಿಗೆ ಬೀಗ ಇತ್ತು ಅಂತ ಬರೀತಿ. ಸರಿನವ್ವ. ಮನಿಗೆ ಬೀಗ ಇದ್ರ ಮಕ್ಳು ಎಲ್ಲಿದ್ರು ಅಂತ ಕೇಳ್ತಾರ. ಆವಾಗ ಏನ್ ಹೇಳ್ತಿ?”

“ನಿನ್ ಗ್ಯಾಂಗಿನಾಗ ಇದ್ರು ಅಂತ ಹೇಳೋದು, ಸುಂಕಪ್ಪ ಮಾಮ.”

ಒಂದಿಬ್ಬರು ನಕ್ಕರು. ಸುಂಕಪ್ಪ ನಗಲಿಲ್ಲ. “ನನ್ ಒಬ್ನ ಮ್ಯಾಲೇ ಬರ್ತೈತೇನು? ಕರಕೊಂಡು ಹೋದವ ನಾನು, ಕಳಿಸಿದವ್ರು ಯಾರು? ನಿಮ್ಮವ್ವನ್ನ ಕೇಳು.”

ದುರುಗೇಶನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಅದೇ ಶಾಲೆಯವರು. ಅವನು ನೆಲ ನೋಡುತ್ತ ಅಂದ, “ಸಾಲಿ ಹೋದ್ರ ಹಳಿ ದಾಟಿ ಹೋಗ್ತಾವು. ಜೀಪಿಗೆ ಹೋದ್ರ ಯಾರು ತರ್ತಾರ? ಬ್ಯಾಡ ಬಿಡವ್ವ. ಏದೋ ಒಕಟಿ, ಹೆಂಗೋ ಒಂದು ನಡೀತೈತಿ.”

“ಹಳಿ ದಾಟೋದು ನಿನ್ ಗಂಡುಡುಗ್ರು ದುರುಗೇಶಣ್ಣ. ಹೆಣ್ಮಕ್ಳನ್ನ ಯಾರೂ ದಾಟಿಸಂಗಿಲ್ಲ. ಬುಟ್ಟಿ ಕೊಟ್ಟು ಲಾರಿ ಹತ್ತಸ್ತೀರಿ.”

ಎಲ್ಲರೂ ಲಿಂಗಕ್ಕನ ಕಡೆ ನೋಡಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

“ಬರೀಬ್ಯಾಡ,” ಅಂದಳು.

“ಅವ್ವ…”

“ಬರೀಬ್ಯಾಡ ಅಂದೆ. ಆ ಗೇಟಿನ ಮುಂದ ಕುಂತಾಕಿ ನಾನು. ನನ್ ಮಗಳು ಒಳಗ ಅಳ್ತಿದ್ರ, ವಾಚ್‌ಮನ್ನು ‘ಆ ಪಿಲ್ಲ ನೀದೇನಾ’ ಅಂತ ಕೇಳಿದ. ನಂದು ಅಂತ ಏನ್ ತೋರಸ್ಲಿ? ಮಗಳು ಅತ್ಗೋಂತ ನನ್ ಕಡಿ ಕೈ ಚಾಚಿದ್ಲು, ಅದು ರುಜು ಅಲ್ಲಂತ. ಆ ಬಾಗಿಲಿಗೆ ಇನ್ನೊಮ್ಮಿ ನಾ ಹೋಗಂಗಿಲ್ಲ. ನಿನ್ ಚೀಟಿ ನಿನ್ ಆಫೀಸಿನಾಗ ಇಟ್ಕೋ.”

ಅಷ್ಟು ಹೇಳಿ ಒಳಗೆ ಹೋದಳು. ಅಂದು ಮಗಳಿಗೆ ರೊಟ್ಟಿ ಬಡಿದು ಹಾಕಿದಳು, ಮಾತಾಡಲಿಲ್ಲ. ಬೆಳಿಗ್ಗೆ ಶಿರೀಷಾ ಹೊರಟಾಗಲೂ ಮಾತಾಡಲಿಲ್ಲ.

ರೈಲಿನಲ್ಲಿ ಕಿಟಕಿಯ ಪಕ್ಕ ಕೂತ ಶಿರೀಷಾಳಿಗೆ ಸಿಟ್ಟು ಯಾರ ಮೇಲೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಅವ್ವನ ಮೇಲೆ ಬಂತು, ನಿಲ್ಲಲಿಲ್ಲ. ಬಸವಕ್ಕನ ಮೇಲೆ ಬರಲೇ ಇಲ್ಲ. ನಿಂತದ್ದು ಒಂದರ ಮೇಲೆ. ಭಯಕ್ಕೆ ಹುಟ್ಟಿದ ಸುಳ್ಳು ಓಣಿಯದು, ಸರಿ. ಆದರೆ ಆ ಸುಳ್ಳನ್ನು ಒಗೆದು, ಇಸ್ತ್ರಿ ಮಾಡಿ, ಅಂಕಿಯ ಅಂಗಿ ತೊಡಿಸಿ, ಇದು ಸತ್ಯ ಎಂದು ಶಾಲೆಯ ಗೋಡೆಗೆ ಹಚ್ಚಿದವರು ಬೇರೆ. ಬಡವನ ಸುಳ್ಳಿಗೆ ಜೀಪು ಬರುತ್ತದೆ. ಅದೇ ಸುಳ್ಳು ದೊಡ್ಡವರ ಕೈಗೆ ಹೋದರೆ ಅದರ ಹೆಸರು ದತ್ತಾಂಶ. ಬರೆಯದೆ ಬಿಟ್ಟರೆ ತಾನೂ ಆ ಇಸ್ತ್ರಿಯವರಲ್ಲಿ ಒಬ್ಬಳು.

ಆದೋನಿಯಲ್ಲಿ ಇಳಿದವಳೇ ಮಾಳಿಗೆ ಹತ್ತಿ ಚೌಕಗಳನ್ನು ತುಂಬಿದಳು. ಹೆಸರಿನ ಚೌಕದಲ್ಲಿ ‘ಫೈನಲ್ ನ್ಯೂ ಟೂ’ ಅಳಿಸಿ, ಕೋಸಗಿ ಮತ್ತು ಸುತ್ತಲ ಮಂಡಲಗಳ ಶಾಲಾ ವಯಸ್ಸಿನ ಮಕ್ಕಳ ಗಣತಿ ಎಂದು ಬರೆದಳು. ಹುಡುಕುವ ಪದಗಳಿಗೆ ಊರುಗಳ ಹೆಸರು, ಶಾಲೆ ವಿಲೀನ, ವಲಸೆ, ಕನ್ನಡ ಶಾಲೆ, ಎಲ್ಲವನ್ನೂ ಕನ್ನಡದಲ್ಲಿ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಹಾಕಿದಳು. ಕಾಲದ ಚೌಕಕ್ಕೆ ಫೆಬ್ರವರಿ. ಮಿತಿಗಳು ಎಂಬಲ್ಲಿಗೆ ಬಂದಾಗ ಬೆರಳು ಒಮ್ಮೆ ನಿಂತಿತು. ಗೇಟಿನ ಮುಂದೆ ಕೂತ ಅವ್ವ ಕಣ್ಣಿಗೆ ಬಂದಳು. ಆಮೇಲೆ ಬರೆದಳು: ‘ಈ ಗಣತಿ ನಡೆದ ತಿಂಗಳಲ್ಲಿ ಇಲ್ಲಿನ ಬಹುಪಾಲು ಕುಟುಂಬಗಳು ಕೂಲಿಗಾಗಿ ವಲಸೆ ಹೋಗಿದ್ದವು. ಬೀಗ ಹಾಕಿದ ಮನೆಗಳ ಮಾಹಿತಿಯನ್ನು ನೆರೆಯವರಿಂದ ಕೇಳಿ ತುಂಬಲಾಗಿದೆ. ಊರಿನಲ್ಲಿ ಮಕ್ಕಳು ಎಷ್ಟಿದ್ದಾರೆ ಎಂದು ತೀರ್ಮಾನಿಸಲು ಈ ಅಂಕಿಗಳು ತಕ್ಕವಲ್ಲ.’

ವಿಠಲ್ ಅದನ್ನು ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿಕೊಂಡ. ಹೈದರಾಬಾದಿನ ಹೆಡ್ಡಾಫೀಸಿಗೆ ಫೋನ್ ಮಾಡಲು ಹೊರಗೆ ಹೋಗಿ ಬಂದ.

“ಕೊನೇ ವಾಕ್ಯ ಬೇಡ ಅಂತಾರ. ಇನ್ನೆರಡೂ ಬೇಡ. ತಿಂಗಳು ಇರಲಿ. ಫೆಬ್ರವರಿ ಅಂತ ಇರತದಲ್ಲ, ಸಾಕಲ್ಲಮ್ಮ? ಸುಳ್ಳೇನೂ ಅಲ್ಲ.”

“ಸಾರ್, ಫೆಬ್ರವರಿ ಅಂದ್ರ ಹೈದರಾಬಾದಿನವ್ರಿಗೆ ಕ್ಯಾಲೆಂಡರಿನ ಒಂದು ಹಾಳಿ. ನಮಗ ಅದು ಖಾಲಿ ಓಣಿ. ತಿಂಗಳ ಹೆಸರು ನೋಡಿ ಯಾರಿಗೆ ತಿಳೀತೈತಿ?”

“ನಿನ್ನೂರಿನ ಫೈಲು ಅಂತ ಇಷ್ಟು ಹಟ ಹಿಡೀತಿ.”

“ಹೌದ್ರಿ. ನಮ್ಮೂರಿಂದು ಅಂತ ಗೊತ್ತಾತು. ಗೊತ್ತಿಲ್ಲದ ಊರಿನ ಫೈಲು ಎಷ್ಟು ಕಳಿಸೀವಿ, ಎಲ್ಲಾದಕ್ಕೂ ‘ಮಿತಿಗಳು ಏನೂ ಇಲ್ಲ’ ಅಂತ ಬರ್ದು? ಆ ಊರಾಗ ಯಾರ್ ಯಾರ ಸಾಲಿ ಮುಚ್ಯಾವೋ.”

ವಿಠಲ್ ಗಡಿಯಾರ ನೋಡಿದ.

“ಮಿತಿಗಳ ಚೌಕ ಖಾಲಿ ಬಿಟ್ರ ಫೈಲು ಮುಂದಕ್ಕ ಹೋಗಂಗಿಲ್ಲ, ನಿಮ್ ನಿಯಮಾನೇ ಅದು. ನಾ ‘ಏನೂ ಇಲ್ಲ’ ಅಂತ ಬರಿಯಂಗಿಲ್ಲ. ನೀವೇ ಬರೀರಿ. ತಯಾರಿಸಿದವರು ಅನ್ನೋ ಕಡಿ ನಿಮ್ ಹೆಸರೇ ಹಾಕ್ರಿ.”

ಆತ ಪರದೆ ನೋಡಿದ. ಆ ಚೌಕ ನೋಡಿದ. ಗಡುವು ಆ ಸಂಜೆಯದು. ತನ್ನ ಹೆಸರು ಒಂದು ಸುಳ್ಳಿನ ಕೆಳಗೆ, ಯಾರು ಹುಡುಕಿದರೂ ಸಿಗುವ ಹಾಗೆ, ಶಾಶ್ವತವಾಗಿ ಕೂರುವುದನ್ನು ಆ ಆಚಾರ್ಯರ ಮಗ ಮನಸ್ಸಿನಲ್ಲೇ ನೋಡಿರಬೇಕು.

“ನಿನ್ನ ಹೆಸರಲ್ಲೇ ಹೋಗಲಿ,” ಎಂದ ಕೊನೆಗೆ. “ಕಳಿಸೋ ಗುಂಡಿ ನಾನು ಒತ್ತುತೇನಿ. ಯಾರರ ಕೇಳಿದರ, ಹುಡುಗಿ ಕೈಪಿಡಿ ನೋಡಿ ತುಂಬಿದಳು, ನಾನು ಗಮನಿಸಲಿಲ್ಲ ಅಂತೇನಿ. ಇಷ್ಟೇ ನನ್ನ ಕೈಲಿ ಆಗೋದು. ಆಮೇಲೆ ನನ್ನ ಅನಬೇಡ.”

“ಅನ್ನಲ್ರಿ,” ಎಂದಳು. ಅನ್ನುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಸಭೆಯ ದಿನ ಬಂಡೆಹಾಳಿನ ಶಾಲೆಯ ಅಂಗಳದಲ್ಲಿ ಒಂದು ಮೇಜು, ಮೂರು ಕುರ್ಚಿ. ಒಂದರಲ್ಲಿ ವಿಚಾರಣೆಗೆ ಬಂದ ಅಧಿಕಾರಿ. ಒಂದರಲ್ಲಿ ಪ್ರಗತಿ ಮಾಪನದ ಯುವಕ, ತೊಡೆಯ ಮೇಲೆ ಟ್ಯಾಬ್. ಇನ್ನೊಂದರಲ್ಲಿ ಶಾಲೆಯ ಏಕೈಕ ಮೇಷ್ಟ್ರು ಶಿವಕೃಷ್ಣ, ಕುರ್ಚಿಯ ಅಂಚಿಗೆ ಕೂತು. ಹೆಂಗಸರು ಗೋಡೆಯ ನೆರಳಿಗೆ, ಗಂಡಸರು ಬೇವಿನ ಬುಡಕ್ಕೆ. ಶಿರೀಷಾ ಬಾಗಿಲ ಹತ್ತಿರ ನಿಂತಿದ್ದಳು. ಅವ್ವ ಅವಳತ್ತ ನೋಡಲಿಲ್ಲ. ಮುಂಜಾನೆಯೇ ವಿಠಲನ ಮೆಸೇಜು ಬಂದಿತ್ತು: ಹೈದರಾಬಾದಿನವರು ನೋಡಿದರು, ನಾಳೆಯಿಂದ ಬರುವುದು ಬೇಡ ಅಂದಿದ್ದಾರೆ, ಕ್ಷಮಿಸಮ್ಮ. ಮನೆಯಲ್ಲಿ ಅದನ್ನೂ ಹೇಳಿಯಾಗಿತ್ತು.

ಅಧಿಕಾರಿ ಓದಿದ. ಗಣತಿಯ ಪ್ರಕಾರ ಈ ಶಾಲೆಗೆ ಸೇರಿದ ಓಣಿಯಲ್ಲಿ ಮಕ್ಕಳು ನಾಲ್ಕು. ನಾಲ್ಕು ಮಕ್ಕಳಿಗೆ ಒಂದು ಶಾಲೆ ನಡೆಸಲಾಗದು. ಆಕ್ಷೇಪಣೆ ಇದ್ದರೆ ಹೇಳಿ.

“ಅಟೆಂಡೆನ್ಸ್ ನೋಡ್ರಿ ಸಾರ್,” ಎಂದ ಶಿವಕೃಷ್ಣ.

“ಅಟೆಂಡೆನ್ಸ್ ಹಾಕೋದು ನೀವೇ ಅಲ್ಲೇನ್ರಿ ಮೇಷ್ಟ್ರೇ,” ಪ್ರಗತಿ ಮಾಪನದವನು ಮುಗುಳ್ನಕ್ಕ. “ಸಾಲಿ ಉಳಿಸ್ಕೊಳ್ಳಾಕ ಮೇಷ್ಟ್ರು ಹೆಸರು ಏರಿಸೋದು ಎಲ್ಲಾ ಕಡೀನೂ ಐತಿ. ನಮ್ದು ಮನೆಮನೆ ಗಣತಿ. ಪೋರ್ಟಲ್‌ನಾಗ ಐತಿ, ಓಪನ್ ಡೇಟಾ. ಎವರೈನಾ ಚೂಡೊಚ್ಚು, ಯಾರ್ ಬೇಕಾದ್ರೂ ನೋಡಬೌದು.”

“ನೋಡೀನ್ರಿ,” ಎಂದ ಶಿವಕೃಷ್ಣ.

ಮೇಷ್ಟ್ರು ಆ ಲೆಕ್ಕಕ್ಕಾಗಿ ಎಷ್ಟೋ ದಿನದಿಂದ ಪೋರ್ಟಲ್ ತಡಕಾಡುತ್ತಿದ್ದ, ಏನೂ ಸಿಕ್ಕಿರಲಿಲ್ಲ. ಹಿಂದಿನ ದಿನ ಇನ್ನೊಮ್ಮೆ, ಬಂಡೆಹಾಳು ಕನ್ನಡ ಶಾಲೆ ಎಂದು ಕನ್ನಡದಲ್ಲಿ ಹೊಡೆದು ನೋಡಿದ್ದ. ಮೊದಲ ಸಾಲಿನಲ್ಲೇ ಬಂದಿತ್ತು. ಈಗ ಫೋನ್ ತೆಗೆದು, ಮಕ್ಕಳಿಗೆ ಪಾಠ ಓದುವ ದನಿಯಲ್ಲಿ ಆ ಮೂರು ವಾಕ್ಯಗಳನ್ನು ಓದಿದ. ಕೊನೆಯ ವಾಕ್ಯವನ್ನು ಎರಡು ಸಲ ಓದಿದ.

ಪ್ರಗತಿ ಮಾಪನದವನ ನಗು ಎಲ್ಲೋ ಹೋಯಿತು. “ಇದನ್ನ ಯಾರು ಬರದ್ರು?”

“ನಿಮ್ ಓಪನ್ ಡೇಟಾದಾಗೇ ಐತಲ್ರಿ,” ಎಂದ ಬೇವಿನ ಬುಡದಿಂದ ಯಾರೋ. ಗಂಡಸರ ಗುಂಪು ನಕ್ಕಿತು.

ಅಧಿಕಾರಿ ಫೋನ್ ಇಸಿದುಕೊಂಡು ತಾನೇ ಓದಿದ. ಗಣತಿ ಯಾವ ತಿಂಗಳು ನಡೆಯಿತೆಂದು ಟ್ಯಾಬಿನವನನ್ನು ಕೇಳಿದ. ಆತ ಗೊಣಗಿದ. ಅಧಿಕಾರಿ ಜನರತ್ತ ತಿರುಗಿದ.

“ಸರಿ. ಮನೆಗಳಿಗೆ ಬೀಗ ಇತ್ತು. ಊರಾಗ ಮಕ್ಕಳು ಅದಾರ ಅಂತೀರಿ. ಹಂಗಾದ್ರ ಫೆಬ್ರವರಿಯಾಗ ಆ ಮಕ್ಕಳು ಎಲ್ಲಿದ್ರು? ಇದಕ್ಕ ಯಾರರ ಉತ್ತರ ಕೊಡಬೇಕು.”

ಸುಂಕಪ್ಪ ಮೇಸ್ತ್ರಿ ನಿಧಾನಕ್ಕೆ ಬೇವಿನ ಮರದ ಹಿಂಬದಿಗೆ ಸರಿದ. ಇದೇ ಪ್ರಶ್ನೆ ಬರುತ್ತದೆ ಎಂದು ಅವನು ಹೇಳಿದ್ದ, ಬಂದಿತ್ತು. ದುರುಗೇಶ ಹೆಗಲ ಟವೆಲ್ಲು ತೆಗೆದು ಮತ್ತೆ ಹಾಕಿಕೊಂಡ. ಶಿರೀಷಾ ಒಂದು ಹೆಜ್ಜೆ ಮುಂದಿಟ್ಟಳು, ನಿಂತಳು. ಚೀಟಿ ಬರೆಯುವುದು ಅವಳ ಕೈಲಿತ್ತು. ಈ ಉತ್ತರ ಅವಳದಲ್ಲ. ಮಗುವನ್ನು ಹೆತ್ತವರು ಕೊಡಬೇಕಾದದ್ದು, ಕೊಟ್ಟು ಅನುಭವಿಸಬೇಕಾದದ್ದು.

“ನಾ ಹೇಳ್ತೀನಪ್ಪ, ಸುಳ್ಳು ಹೇಳಿದಾಕಿ ನಾನು,” ಎಂದು ಬಸವಕ್ಕ ಗೋಡೆ ಹಿಡಿದು ಏಳಲು ನೋಡಿದಳು. ಅವಳ ಭುಜ ಒತ್ತಿ ಕೂರಿಸಿ ಎದ್ದವಳು ಲಿಂಗಕ್ಕ.

“ಗುಂಟೂರಾಗ ಇದ್ರು,” ಅಂದಳು.

ಅಧಿಕಾರಿ ಪೆನ್ನು ಎತ್ತಿಕೊಂಡ.

“ನನ್ ಮಗಳು ಅಮೂಲ್ಯ ನನ್ ಸಾಲಿನಾಗ ಇದ್ಲು. ಬುಟ್ಟಿ ಹಿಡ್ಕೊಂಡು ಮೆಣಸಿನಕಾಯಿ ಬಿಡಸ್ತಿದ್ಲು. ಕೈ ಉರೀತೈತಿ ಅಂತ ಅಳ್ತಿದ್ಲು. ಅಳಬ್ಯಾಡ ಅಂತ ಬಡದೀನಿ. ಅದನ್ನೂ ಬರ್ಕೋರಿ.”

“ಅಮ್ಮಾ, ಇದನ್ನ ಬರೆದ್ರ ಕೇಸ್ ಆಗ್ತದ,” ಎಂದ ಅಧಿಕಾರಿ, ದನಿ ತಗ್ಗಿಸಿ.

“ಆಗ್ಲಿ. ಯಾರ ಮ್ಯಾಲ ಅನ್ನೋದ್ನೂ ಕೇಳಿ ಬರ್ಕೋರಿ. ನಾವು ಲಾರಿ ಹತ್ತೋ ತಿಂಗಳು ನಿಮಗ ಗೊತ್ತಿಲ್ಲೇನು? ಕೋಸಗಿ ಸ್ಟೇಷನ್ನಿಗೆ ಗೊತ್ತೈತಿ, ಮಂತ್ರಾಲಯದ ರೋಡಿಗೆ ಗೊತ್ತೈತಿ, ನಿಮಗ ಗೊತ್ತಿಲ್ಲ. ನಾವು ಬರೋ ತನಕ ಮಕ್ಳಿಗೆ ಸಾಲ್ಯಾಗೇ ಮಲಗಾಕ ಜಾಗ, ಎರಡು ಹೊತ್ತು ಅನ್ನ ಕೊಡ್ರಿ ಅಂತ ಈ ಮೇಷ್ಟ್ರು ವರ್ಷಾ ಕಾಗದ ಬರೀತಾರ. ಒಂದಕ್ಕರ ಉತ್ತರ ಬಂದೈತೇನು? ಕೂಸಿನ್ನ ಯಾರ ಹತ್ರ ಬಿಟ್ಟು ಹೋಗ್ಲಿ? ಮಂಡಿ ಎತ್ತಾಕ ಬರಲಾರದ ಈ ಮುದುಕಿ ಹತ್ರ ಬಿಡಲೇನು? ಜೊತಿ ಕರಕೊಂಡು ಹೋದ್ರ ಜೀಪು ಕಳಸ್ತೀರಿ. ಬಿಟ್ಟು ಹೋದ್ರ ನಾಯಿ ಪಾಲು. ಮುಚ್ಚಿಟ್ರ ಮಕ್ಳೇ ಇಲ್ಲ ಅಂತ ಸಾಲಿ ಕಿತ್ಕೊಳ್ತೀರಿ. ನಾವು ಏನ್ ಮಾಡಿದ್ರ ನಿಮಗ ಸರಿ ಆಗ್ತೈತಿ ಅದನ್ನರ ಹೇಳ್ರಿ.”

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದ.

“ನನ್ನವ್ರಿಬ್ರೂ ಅಲ್ಲೇ ಇದ್ರು,” ದುರುಗೇಶ ಅಂದ. ಗಟ್ಟಿಯಾಗಿ ಅಲ್ಲ, ಆದರೆ ಅಂದ. ಗೋಡೆಯ ನೆರಳಿನಿಂದ ಒಬ್ಬಳು ನಂದೂ ಅಂದಳು. ಇನ್ನೊಬ್ಬಳು ಎದ್ದು ನಿಂತಳು. ಆಮೇಲೆ ಯಾರು ಯಾರು ಅಂದರೆಂದು ತಿಳಿಯಲಿಲ್ಲ, ಹೆಂಗಸರೆಲ್ಲ ಎದ್ದಿದ್ದರು.

ಅಧಿಕಾರಿ ಬಹಳ ಹೊತ್ತು ಬರೆದ. ವಿಲೀನ ಸದ್ಯಕ್ಕೆ ತಡೆಹಿಡಿಯಲಾಗಿದೆ, ಮರುಗಣತಿ ಆಗಬೇಕು ಎಂದು ಓದಿ ಹೇಳಿದ. ಮಕ್ಕಳನ್ನು ಕೂಲಿಗೆ ಒಯ್ದ ವಿಷಯವನ್ನೂ ಬರೆದಿದ್ದೇನೆ, ಅದು ಎಲ್ಲಿಗೆ ಹೋಗುತ್ತದೋ ನನ್ನ ಕೈಲಿಲ್ಲ ಅಂದ. ಆ ಮಾತಿಗೆ ಯಾರೂ ತಲೆ ತಗ್ಗಿಸಲಿಲ್ಲ. ಮರುಗಣತಿಗೆ ಮುಂದಿನ ತಿಂಗಳು ಟೀಮು ಕಳಿಸುತ್ತೇವೆ ಎಂದು ಪ್ರಗತಿ ಮಾಪನದವನು ಟ್ಯಾಬ್ ಚೀಲಕ್ಕೆ ಇಡಹೋದ.

“ಮುಂದಿನ ತಿಂಗಳ್ಯಾಕ?” ಲಿಂಗಕ್ಕ ಅವನ ಮುಂದೆ ಹೋಗಿ ನಿಂತಳು. “ಕೂತ್ಕೋಪ್ಪ. ಇವತ್ತು ಎಲ್ಲಾರೂ ಅದೀವಿ. ಬರ್ಕೋ.”

ಆತ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ತಲೆಯಾಡಿಸಿದ. ಆತ ಟ್ಯಾಬ್ ತೆರೆದು, ಎಷ್ಟು ಮಕ್ಕಳು ಎಂದು ಕೇಳಿದ.

“ಇಬ್ರು. ಸಣ್ಣಾಕಿ ಅಮೂಲ್ಯ, ಮೂರನೇತ್ತ. ದೊಡ್ಡಾಕಿ ಆ ಬಾಗಲಾಗ ನಿಂತಾಳ ನೋಡು, ಆಕಿನ್ನ ಸಾಲಿ ಲೆಕ್ಕಕ್ಕ ಹಿಡೀಬ್ಯಾಡ. ಆಕಿಗೆ ನಾಳಿಂದ ಕೆಲಸಾನೂ ಇಲ್ಲ.” ಲಿಂಗಕ್ಕ ವಾರದ ಮೇಲೆ ಮೊದಲ ಸಲ ಮಗಳ ಮುಖ ನೇರ ನೋಡಿದಳು. “ಬ್ಯಾಡ ಅಂದ್ರೂ ಬರದ್ಲು. ನನಗ ಆಕಿ ಮ್ಯಾಲ ಇನ್ನೂ ಸಿಟ್ಟೈತಿ.”